ಎಡಿಎಚ್‌ಡಿ ಇದೆಯೋ ಇಲ್ಲವೋ: ವೈದ್ಯರು ಕೇಳುವ ನಾಲ್ಕು ಪ್ರಶ್ನೆಗಳು

"ಬುದ್ಧಿ ಇದೆ, ಗಮನ ಇಲ್ಲ."

ಶಾಲೆಯ ಡೈರಿಯಲ್ಲಿ ಟೀಚರ್ ಬರೆದು ಕಳುಹಿಸಿದ ಈ ಒಂದು ಸಾಲಿನಿಂದ ಎಷ್ಟೋ ಮನೆಗಳಲ್ಲಿ ಸಂಜೆ ಜಗಳ ಶುರುವಾಗುತ್ತದೆ. "ಮೊಬೈಲ್ ಕೊಟ್ಟು ಕೊಟ್ಟು ನೀನೇ ಹಾಳು ಮಾಡಿದ್ದು" ಎಂದು ಅಪ್ಪ ರೇಗುತ್ತಾರೆ. "ಚಿಕ್ಕವನಿದ್ದಾಗ ನೀನೂ ಹೀಗೇ ಇದ್ದೆ ಕಣೋ, ದೊಡ್ಡವನಾದ ಮೇಲೆ ಸರಿಹೋಗಲಿಲ್ವೇ" ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಎಲ್ಲರೂ ಮಲಗಿದ ಮೇಲೆ ಅಮ್ಮ ಫೋನಿನಲ್ಲಿ ಹುಡುಕುತ್ತಾರೆ. ಆಗ ಸಿಗುವುದು "ನಿಮ್ಮ ಮಗುವಿಗೆ ಎಡಿಎಚ್‌ಡಿ ಇದೆ ಎಂದು ತೋರಿಸುವ ಐದು ಲಕ್ಷಣಗಳು" ಎಂಬ ಒಂದು ನಿಮಿಷದ ವಿಡಿಯೋ. ಅದನ್ನು ನೋಡಿ ಮುಗಿಸುವಷ್ಟರಲ್ಲಿ ಮಗನ ಬಗ್ಗೆ ಮಾತ್ರವಲ್ಲ, ತಮ್ಮ ಬಗ್ಗೆಯೂ ಅವರಿಗೆ ಅನುಮಾನ ಹುಟ್ಟಿರುತ್ತದೆ.

ಎಡಿಎಚ್‌ಡಿ ಬಗ್ಗೆ ನಮ್ಮ ಸುತ್ತ ಎರಡು ಮಾತುಗಳು ಓಡಾಡುತ್ತಿವೆ. ಒಂದು, "ಅಂಥ ಕಾಯಿಲೆಯೇ ಇಲ್ಲ, ಎಲ್ಲ ತುಂಟತನ, ಎರಡು ಬಿಟ್ಟರೆ ಸರಿಹೋಗುತ್ತದೆ." ಇನ್ನೊಂದು, "ಈಗಿನ ಕಾಲದಲ್ಲಿ ಎಲ್ಲರಿಗೂ ಸ್ವಲ್ಪ ಎಡಿಎಚ್‌ಡಿ ಇದ್ದೇ ಇದೆ." ಎರಡರಿಂದಲೂ ಹಾನಿಯಿದೆ. ಮೊದಲನೆಯದನ್ನು ನಂಬಿದರೆ, ನಿಜವಾಗಿ ಎಡಿಎಚ್‌ಡಿ ಇರುವ ಮಗು "ಸೋಮಾರಿ", "ದಡ್ಡ", "ಪೋಕರಿ" ಎಂಬ ಹೆಸರು ಹೊತ್ತು ಬೆಳೆಯುತ್ತದೆ. ಎರಡನೆಯದನ್ನು ನಂಬಿದರೆ, ಕಿವಿ ಸರಿಯಾಗಿ ಕೇಳದ ಅಥವಾ ರಾತ್ರಿ ಸರಿಯಾಗಿ ನಿದ್ದೆ ಬಾರದ ಮಗುವಿಗೆ ಎಡಿಎಚ್‌ಡಿ ಎಂಬ ಚೀಟಿ ಅಂಟಿ, ನಿಜವಾದ ತೊಂದರೆಗೆ ಚಿಕಿತ್ಸೆ ಸಿಗದೆ ಹೋಗುತ್ತದೆ.

ಹಾಗಾದರೆ ಎಡಿಎಚ್‌ಡಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಹೇಗೆ? ರಕ್ತ ಪರೀಕ್ಷೆ ಇದೆಯೇ? ಸ್ಕ್ಯಾನ್ ಇದೆಯೇ? ಯಾರು ತೀರ್ಮಾನಿಸಬೇಕು? ಈ ಲೇಖನದಲ್ಲಿ ಅದನ್ನೇ ನೋಡೋಣ.

ಮೊದಲಿಗೆ, ಏನಿದು ಎಡಿಎಚ್‌ಡಿ?

ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ಈ ಸ್ಥಿತಿ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಇದರ ಲಕ್ಷಣಗಳಲ್ಲಿ ಮೂರು ಬಗೆ. ಒಂದು, ಗಮನ ನಿಲ್ಲದಿರುವುದು: ಹೇಳಿದ್ದು ಮರೆತುಹೋಗುವುದು, ಕೆಲಸ ಅರ್ಧಕ್ಕೆ ಬಿಡುವುದು, ಪೆನ್ಸಿಲ್ ಡಬ್ಬಿ ವಾರಕ್ಕೊಂದು ಕಳೆಯುವುದು. ಎರಡು, ಅತಿ ಚಟುವಟಿಕೆ: ಕೂತಲ್ಲಿ ಕೂರಲಾಗದಿರುವುದು, ಕೈಕಾಲು ಸುಮ್ಮನಿರದಿರುವುದು. ಮೂರು, ದುಡುಕು: ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವುದು, ಸರತಿಗೆ ಕಾಯಲಾಗದಿರುವುದು, ಇನ್ನೊಬ್ಬರ ಮಾತಿನ ನಡುವೆ ನುಗ್ಗುವುದು. ಕೆಲವರಲ್ಲಿ ಮೊದಲನೆಯದೇ ಹೆಚ್ಚು, ಕೆಲವರಲ್ಲಿ ಉಳಿದೆರಡು ಹೆಚ್ಚು, ಇನ್ನು ಕೆಲವರಲ್ಲಿ ಮೂರೂ ಸೇರಿರುತ್ತವೆ.

"ಗಮನ ಇಲ್ಲ ಅಂತೀರಿ, ಕಾರ್ಟೂನ್ ಮುಂದೆ ಎರಡು ಗಂಟೆ ಅಲುಗದೆ ಕೂರುತ್ತಾನಲ್ಲ?" ಪೋಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಎಡಿಎಚ್‌ಡಿ ಇರುವವರಿಗೆ ಗಮನ ಎಂಬುದೇ ಇಲ್ಲ ಎಂದಲ್ಲ. ಬೇಕಾದ ಕಡೆಗೆ, ಬೇಕಾದಷ್ಟು ಹೊತ್ತು ಅದನ್ನು ತಿರುಗಿಸಿ ಹಿಡಿದಿಡುವುದು ಅವರಿಗೆ ಕಷ್ಟ. ಕಾರ್ಟೂನು, ವಿಡಿಯೋ ಗೇಮುಗಳು ಕ್ಷಣಕ್ಕೊಂದು ಹೊಸ ಬಣ್ಣ, ಹೊಸ ಸದ್ದು, ಹೊಸ ಬಹುಮಾನ ಕೊಟ್ಟು ಗಮನವನ್ನು ತಾವೇ ಎಳೆದುಕೊಳ್ಳುತ್ತವೆ. ಮಗ್ಗಿ ಪುಸ್ತಕ ಹಾಗೆ ಎಳೆಯುವುದಿಲ್ಲ, ಅಲ್ಲಿ ನಮ್ಮ ಗಮನವನ್ನು ನಾವೇ ತಳ್ಳಿಕೊಂಡು ಹೋಗಬೇಕು. ಆದ್ದರಿಂದ ಟಿವಿ ಮುಂದೆ ಕೂರುವುದು ಎಡಿಎಚ್‌ಡಿ ಇಲ್ಲ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇರುವುದು ಕಂಡುಬಂದಿದೆ. ಎಂದರೆ 40 ಮಕ್ಕಳ ತರಗತಿಯಲ್ಲಿ ಸರಾಸರಿ ಇಬ್ಬರು. ವಯಸ್ಕರಲ್ಲಿ ಈ ಪ್ರಮಾಣ ನೂರಕ್ಕೆ ಸುಮಾರು 2.5. ಇದು ವಂಶದಲ್ಲಿ ಬಲವಾಗಿ ಹರಿಯುವ ಸ್ಥಿತಿಯೂ ಹೌದು. ಅವಳಿಗಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ, ಜನರ ನಡುವೆ ಈ ಲಕ್ಷಣಗಳಲ್ಲಿ ಕಾಣುವ ವ್ಯತ್ಯಾಸದ ಶೇ. 70ರಿಂದ 80 ಭಾಗಕ್ಕೆ ಅನುವಂಶೀಯತೆಯೇ ಕಾರಣ. "ನೀನೂ ಹೀಗೇ ಇದ್ದೆ" ಎಂಬ ಅಜ್ಜಿಯ ಮಾತನ್ನು ನಾವು ಸಮಾಧಾನದ ಮಾತೆಂದು ಪಕ್ಕಕ್ಕಿಡುತ್ತೇವೆ. ಮಗುವನ್ನು ಪರೀಕ್ಷಿಸುವ ವೈದ್ಯರಿಗೆ ಅದು ಬಹಳ ಉಪಯುಕ್ತ ಮಾಹಿತಿ.

ಇದು ಮೊಬೈಲ್ ಕಾಲದ ಕಾಯಿಲೆಯೇ?

ಅಲ್ಲ. ಗಮನ ನಿಲ್ಲದ, ಸಣ್ಣ ಸದ್ದಿಗೂ ಚದುರಿಹೋಗುವ ಮನಸ್ಸಿನ ಬಗ್ಗೆ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರಲ್ಲೇ ಬರೆದಿದ್ದರು. ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾಗದ ಮಕ್ಕಳ ಬಗ್ಗೆ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ಮಾಡಿದರು. ಇಂಥ ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧ ಕೊಟ್ಟಾಗ ಅವರು ಶಾಂತರಾಗಿ ಪಾಠದಲ್ಲಿ ತೊಡಗಿದ್ದನ್ನು ಅಮೆರಿಕದ ವೈದ್ಯ ಚಾರ್ಲ್ಸ್ ಬ್ರಾಡ್ಲಿ 1937ರಲ್ಲಿ ವರದಿ ಮಾಡಿದರು. ಆಗ ಟಿವಿಯೂ ಮನೆ ಮನೆಗೆ ಬಂದಿರಲಿಲ್ಲ.

ಹಾಗೆಂದು ಮೊಬೈಲಿಗೆ ಪೂರ್ತಿ ಕ್ಲೀನ್ ಚಿಟ್ ಕೊಡುತ್ತಿಲ್ಲ. ರಾತ್ರಿ ಹನ್ನೊಂದರವರೆಗೆ ರೀಲ್ಸ್ ನೋಡಿ ಮಲಗುವ ಮಗುವಿಗೆ ಮರುದಿನ ತರಗತಿಯಲ್ಲಿ ಗಮನ ನಿಲ್ಲದಿರುವುದು ಸಹಜ. ಆದರೆ ಅದು ನಿದ್ದೆಗೆಟ್ಟ ಮಗುವಿನ ತೊಂದರೆಯೋ ಎಡಿಎಚ್‌ಡಿಯೋ ಎಂದು ಬಿಡಿಸಿ ನೋಡಬೇಕು. ಮೌಲ್ಯಮಾಪನ ಬೇಕಾಗುವುದೇ ಅದಕ್ಕೆ.

ವೈದ್ಯರ ಅಳತೆಗೋಲು ಯಾವುದು?

ಜಗತ್ತಿನಾದ್ಯಂತ ವೈದ್ಯರು ಮುಖ್ಯವಾಗಿ ಎರಡು ಕೈಪಿಡಿಗಳನ್ನು ಬಳಸುತ್ತಾರೆ. ಒಂದು, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ. ಇದರ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಇನ್ನೊಂದು, ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ. ಇದರ ಐದನೆಯ ಆವೃತ್ತಿ ಬಂದದ್ದು 2013ರಲ್ಲಿ.

ಡಿಎಸ್‌ಎಂ-5 ಒಟ್ಟು 18 ಲಕ್ಷಣಗಳನ್ನು ಪಟ್ಟಿ ಮಾಡುತ್ತದೆ. ಗಮನಕ್ಕೆ ಸಂಬಂಧಿಸಿದವು 9, ಅತಿ ಚಟುವಟಿಕೆ ಮತ್ತು ದುಡುಕಿಗೆ ಸಂಬಂಧಿಸಿದವು 9. ಮಕ್ಕಳಲ್ಲಾದರೆ ಯಾವುದಾದರೂ ಒಂದು ಗುಂಪಿನ ಕನಿಷ್ಠ 6 ಲಕ್ಷಣಗಳು ಇರಬೇಕು. 17 ವರ್ಷ ದಾಟಿದವರಿಗೆ 5 ಸಾಕು. ಅವು ಕನಿಷ್ಠ ಆರು ತಿಂಗಳಿಂದ ಇರಬೇಕು, ಆ ವಯಸ್ಸಿಗೆ ಸಹಜ ಎನ್ನುವುದಕ್ಕಿಂತ ಹೆಚ್ಚಾಗಿರಬೇಕು.

ವಿಡಿಯೋಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಲಕ್ಷಣ ಎಣಿಸಿದರು, ಮುಗಿಯಿತು. ಆದರೆ ಕೈಪಿಡಿ ಇಲ್ಲಿಗೆ ನಿಲ್ಲುವುದಿಲ್ಲ. ಲಕ್ಷಣಗಳನ್ನು ಎಣಿಸಿದ ಮೇಲೂ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು ಎನ್ನುತ್ತದೆ. ಎಂದಿನಿಂದ? ಎಲ್ಲೆಲ್ಲಿ? ಎಷ್ಟು ತೊಂದರೆ? ಬೇರೆ ಕಾರಣ ಇರಬಹುದೇ? ಒಂದೊಂದಾಗಿ ನೋಡೋಣ.

ಪ್ರಶ್ನೆ 1: ಎಂದಿನಿಂದ?

ಎಡಿಎಚ್‌ಡಿ ಒಂದು ದಿನ ಇದ್ದಕ್ಕಿದ್ದಂತೆ ಬರುವಂಥದ್ದಲ್ಲ. ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು ಎಂದು ಡಿಎಸ್‌ಎಂ-5 ಹೇಳುತ್ತದೆ. (ಹಿಂದಿನ ಆವೃತ್ತಿಯಲ್ಲಿ ಈ ಗಡಿ 7 ವರ್ಷವಿತ್ತು.) ಆರನೆಯ ತರಗತಿಯವರೆಗೆ ಚೆನ್ನಾಗಿಯೇ ಓದುತ್ತಿದ್ದ ಹುಡುಗಿ ಏಳನೆಯ ತರಗತಿಯಲ್ಲಿ ಏಕಾಏಕಿ ಗಮನ ಕಳೆದುಕೊಂಡಿದ್ದರೆ, ವೈದ್ಯರು ಮೊದಲು ಕೇಳುವುದು "ಈ ವರ್ಷ ಏನಾಯಿತು?" ಎಂದು. ಹೊಸ ಶಾಲೆಯೇ? ಮನೆಯಲ್ಲಿ ಸಾವು, ಜಗಳವೇ? ಯಾರಾದರೂ ಪೀಡಿಸುತ್ತಿದ್ದಾರೆಯೇ? ಖಿನ್ನತೆಯೇ?

ಇದಕ್ಕಾಗಿ ವೈದ್ಯರು ಹುಟ್ಟಿನಿಂದ ಕಥೆ ಕೇಳುತ್ತಾರೆ. ತಿಂಗಳು ತುಂಬಿ ಹುಟ್ಟಿತೇ, ತೂಕ ಎಷ್ಟಿತ್ತು, ಯಾವಾಗ ನಡೆಯಿತು, ಯಾವಾಗ ಮಾತಾಡಿತು, ಅಂಗನವಾಡಿ ಅಥವಾ ಎಲ್‌ಕೆಜಿಯಲ್ಲಿ ಹೇಗಿತ್ತು. "ಇಷ್ಟೆಲ್ಲ ಯಾಕೆ ಕೇಳುತ್ತಾರೆ, ಮಗುವನ್ನು ನೋಡಿದರೆ ಗೊತ್ತಾಗುವುದಿಲ್ಲವೇ?" ಎಂದು ಪೋಷಕರಿಗೆ ಬೇಸರವಾಗುವುದುಂಟು. ನೋಡಿದರೆ ಗೊತ್ತಾಗುವುದಿಲ್ಲ ಎಂಬುದೇ ಉತ್ತರ. ಹೊಸ ಜಾಗ, ಹೊಸ ಮುಖ, ಎದುರಿಗೆ ಡಾಕ್ಟರು. ಇಂಥ ಕಡೆ ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳು ಇಪ್ಪತ್ತು ನಿಮಿಷ ಬೆರಳು ಕೂಡ ಅಲ್ಲಾಡಿಸದೆ ಕೂರುತ್ತಾರೆ. "ಡಾಕ್ಟರ ಮುಂದೆ ಸುಮ್ಮನಿದ್ದ, ಹಾಗಾಗಿ ಏನೂ ಇಲ್ಲ" ಎಂಬ ತೀರ್ಮಾನಕ್ಕೆ ಬೆಲೆಯಿಲ್ಲ.

ಪ್ರಶ್ನೆ 2: ಎಲ್ಲೆಲ್ಲಿ?

ಲಕ್ಷಣಗಳು ಕನಿಷ್ಠ ಎರಡು ಕಡೆ ಕಾಣಿಸಬೇಕು. ಮನೆ ಮತ್ತು ಶಾಲೆ, ಅಥವಾ ಶಾಲೆ ಮತ್ತು ಟ್ಯೂಷನ್, ಅಥವಾ ಮನೆ ಮತ್ತು ಆಟದ ಮೈದಾನ. ಗಣಿತದ ಪೀರಿಯಡ್‌ನಲ್ಲಿ ಮಾತ್ರ ಚಡಪಡಿಸುವ ಮಗುವಿಗೆ ತೊಂದರೆ ಗಣಿತದಲ್ಲಿರಬಹುದು, ಅಥವಾ ಗಣಿತದ ಮೇಷ್ಟರಲ್ಲಿರಬಹುದು.

ಆದ್ದರಿಂದ ಒಬ್ಬರ ಮಾತು ಸಾಲದು. ಅಪ್ಪ, ಅಮ್ಮ, ಶಿಕ್ಷಕರು, ಸಾಧ್ಯವಾದರೆ ಮಗು, ಎಲ್ಲರಿಂದಲೂ ಮಾಹಿತಿ ಬೇಕು. ಇದಕ್ಕಾಗಿ ಪ್ರಶ್ನಾವಳಿಗಳಿವೆ. ಕಾನರ್ಸ್, ವ್ಯಾಂಡರ್‌ಬಿಲ್ಟ್ ಎಂಬ ಹೆಸರಿನ ಪ್ರಶ್ನಾವಳಿಗಳಲ್ಲಿ ಪೋಷಕರಿಗೆ ಒಂದು, ಶಿಕ್ಷಕರಿಗೆ ಒಂದು ಎಂದು ಪ್ರತ್ಯೇಕ ಹಾಳೆಗಳಿವೆ. ಭಾರತದ ಮಕ್ಕಳಿಗಾಗಿಯೇ ಇನ್‌ಕ್ಲೆನ್ ಜಾಲದ ತಜ್ಞರು ಒಂದು ಸಾಧನ ರೂಪಿಸಿದ್ದಾರೆ. ಇವೆಲ್ಲವೂ ವೈದ್ಯರ ಕೈಗೆ ಕೊಡುವ ಸಲಕರಣೆಗಳು. ಅಂಕ ಹೆಚ್ಚು ಬಂದರೆ "ಇನ್ನೂ ವಿವರವಾಗಿ ನೋಡಬೇಕು" ಎಂದರ್ಥವೇ ಹೊರತು "ರೋಗ ಪತ್ತೆಯಾಯಿತು" ಎಂದಲ್ಲ.

ಒಬ್ಬರ ಮಾತು ಏಕೆ ಸಾಲದು ಎಂಬುದನ್ನು ತೋರಿಸುವ ಒಂದು ಪ್ರಯೋಗ 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. "ಸಕ್ಕರೆ ತಿಂದರೆ ನನ್ನ ಮಗ ಕುಣಿದಾಡುತ್ತಾನೆ" ಎಂದು ನಂಬಿದ್ದ ತಾಯಂದಿರನ್ನೂ 5ರಿಂದ 7 ವರ್ಷದ ಅವರ ಗಂಡುಮಕ್ಕಳನ್ನೂ ಸಂಶೋಧಕರು ಕರೆಸಿದರು. ಎಲ್ಲ ಮಕ್ಕಳಿಗೂ ಕೊಟ್ಟದ್ದು ಸಕ್ಕರೆಯೇ ಇಲ್ಲದ ಸಿಹಿ ಪಾನೀಯ. ಆದರೆ ಅರ್ಧದಷ್ಟು ತಾಯಂದಿರಿಗೆ "ನಿಮ್ಮ ಮಗನಿಗೆ ತುಂಬಾ ಸಕ್ಕರೆ ಕೊಟ್ಟಿದ್ದೇವೆ" ಎಂದರು. ಆ ತಾಯಂದಿರು ತಮ್ಮ ಮಕ್ಕಳು ಹೆಚ್ಚು ಚಡಪಡಿಸುತ್ತಿದ್ದಾರೆ ಎಂದು ಅಂಕ ಕೊಟ್ಟರು. ಜೊತೆಗೆ ಮಕ್ಕಳಿಗೆ ಹೆಚ್ಚು ಹತ್ತಿರ ನಿಂತರು, ಹೆಚ್ಚು ತಪ್ಪು ಹುಡುಕಿದರು. ಸಕ್ಕರೆಯಿಂದ ಮಕ್ಕಳ ನಡವಳಿಕೆ ಕೆಡುವುದಿಲ್ಲ ಎಂದು 1995ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ವಿಶ್ಲೇಷಿಸಿದ ವರದಿಯೂ ಹೇಳಿತು.

ಆ ತಾಯಂದಿರು ಸುಳ್ಳು ಹೇಳಲಿಲ್ಲ. ಅವರಿಗೆ ಕಂಡದ್ದನ್ನೇ ಹೇಳಿದರು. ನಿರೀಕ್ಷೆ ಕಣ್ಣಿಗೆ ಕನ್ನಡಕ ಹಾಕುತ್ತದೆ, ಅಷ್ಟೇ. ವಿಡಿಯೋ ನೋಡಿ ಅನುಮಾನಗೊಂಡ ಅಮ್ಮನಿಗೂ, ಹಿಂದಿನ ವರ್ಷದ ಟೀಚರ್‌ನಿಂದ "ಅವನು ಕಷ್ಟದ ಹುಡುಗ" ಎಂದು ಕೇಳಿಸಿಕೊಂಡ ಹೊಸ ಟೀಚರ್‌ಗೂ ಇದು ಅನ್ವಯಿಸುತ್ತದೆ.

ಪ್ರಶ್ನೆ 3: ಎಷ್ಟು ತೊಂದರೆ?

ಬೀಗದ ಕೈ ಮರೆಯದವರು ಯಾರಿದ್ದಾರೆ? ಮೀಟಿಂಗ್‌ನಲ್ಲಿ ಮನಸ್ಸು ಎಲ್ಲೋ ಹೋಗದವರು ಯಾರು? ಎಡಿಎಚ್‌ಡಿಯ ಲಕ್ಷಣಗಳೆಲ್ಲ ಎಲ್ಲ ಮನುಷ್ಯರಲ್ಲೂ ಸ್ವಲ್ಪ ಸ್ವಲ್ಪ ಇರುವಂಥವೇ. ರಕ್ತದೊತ್ತಡ ಎಲ್ಲರಿಗೂ ಇದೆ, ಒಂದು ಮಟ್ಟ ದಾಟಿದಾಗ ಕಾಯಿಲೆ ಎನ್ನುತ್ತೇವೆ. ಇದೂ ಹಾಗೆಯೇ. ಲಕ್ಷಣಗಳಿಂದ ಓದು, ಕೆಲಸ, ಸ್ನೇಹ, ಸಂಸಾರಗಳಿಗೆ ನಿಜವಾದ ಪೆಟ್ಟು ಬೀಳುತ್ತಿದೆಯೇ ಎಂದು ವೈದ್ಯರು ನೋಡುತ್ತಾರೆ. ತುಂಬಾ ಚೂಟಿಯಾಗಿದ್ದೂ ಚೆನ್ನಾಗಿ ಕಲಿಯುತ್ತಿರುವ, ಗೆಳೆಯರಿರುವ, ಖುಷಿಯಾಗಿರುವ ಮಗುವಿಗೆ ರೋಗದ ಹೆಸರು ಬೇಕಾಗಿಲ್ಲ.

"ವಯಸ್ಸಿಗೆ ಮೀರಿ" ಎಂಬ ಮಾತು ಇಲ್ಲಿ ಮುಖ್ಯ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಶಾಲೆಗೆ ಸೇರಲು ವಯಸ್ಸಿನ ಗಡಿ ಡಿಸೆಂಬರ್ 31. ಹಾಗಾಗಿ ಡಿಸೆಂಬರ್‌ನಲ್ಲಿ ಹುಟ್ಟಿದವರು ತರಗತಿಯಲ್ಲಿ ಅತಿ ಚಿಕ್ಕವರು, ಜನವರಿಯಲ್ಲಿ ಹುಟ್ಟಿದವರು ಅತಿ ದೊಡ್ಡವರು. ಅಲ್ಲಿನ 9 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ನೋಡಿದ 2012ರ ಅಧ್ಯಯನದಲ್ಲಿ ಒಂದು ವಿಚಿತ್ರ ಕಂಡಿತು. ಜನವರಿಯ ಮಕ್ಕಳಿಗೆ ಹೋಲಿಸಿದರೆ ಡಿಸೆಂಬರ್‌ನ ಹುಡುಗರಲ್ಲಿ ಎಡಿಎಚ್‌ಡಿ ಎಂದು ಗುರುತಿಸಿದ್ದು ಶೇ. 30ರಷ್ಟು ಹೆಚ್ಚು, ಹುಡುಗಿಯರಲ್ಲಿ ಶೇ. 70ರಷ್ಟು ಹೆಚ್ಚು. ಹುಟ್ಟಿದ ತಿಂಗಳಿಂದ ಎಡಿಎಚ್‌ಡಿ ಬರುವುದಿಲ್ಲ. ಆರು ವರ್ಷದ ಮಗುವನ್ನು ಸುಮಾರು ಏಳು ವರ್ಷದ ಮಗುವಿನ ಪಕ್ಕ ಕೂರಿಸಿ ಹೋಲಿಸಿದರೆ ಚಿಕ್ಕದು ಚಂಚಲವಾಗಿ ಕಾಣುತ್ತದೆ, ಅಷ್ಟೇ. "ಬೇಗ ಸೇರಿಸಿದರೆ ಒಂದು ವರ್ಷ ಉಳಿಯುತ್ತದೆ" ಎಂದು ಮಗುವನ್ನು ಅವಸರದಿಂದ ಶಾಲೆಗೆ ಸೇರಿಸುವ ನಮ್ಮ ಅಭ್ಯಾಸವನ್ನು ನೆನೆದರೆ ಈ ಅಂಕಿಗಳು ನಮಗೂ ಪಾಠವೇ.

ಪ್ರಶ್ನೆ 4: ಬೇರೆ ಕಾರಣ ಇರಬಹುದೇ?

ಎಡಿಎಚ್‌ಡಿಯಂತೆ ಕಾಣುವ ಬೇರೆ ತೊಂದರೆಗಳ ಪಟ್ಟಿ ಉದ್ದವಿದೆ.

ಕಿವಿ ಮಂದವಿರುವ ಮಗು ಕರೆದರೆ ತಿರುಗುವುದಿಲ್ಲ, "ಗಮನ ಇಲ್ಲ" ಎನಿಸಿಕೊಳ್ಳುತ್ತದೆ. ಕಣ್ಣಿನ ದೋಷವಿದ್ದರೆ ಬೋರ್ಡ್ ಮೇಲಿನದು ಕಾಣದೆ ಪಕ್ಕದವನ ಪುಸ್ತಕ ಇಣುಕುತ್ತದೆ. ಗೊರಕೆ ಹೊಡೆಯುತ್ತಾ, ಬಾಯಿ ತೆರೆದು ಮಲಗುವ ಮಗುವಿಗೆ ಮೂಗಿನ ಹಿಂದಿನ ಗ್ರಂಥಿ ದಪ್ಪವಾಗಿ ನಿದ್ದೆ ಕೆಡುತ್ತಿರಬಹುದು. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ನಿದ್ದೆಗೆಟ್ಟ ಮಕ್ಕಳು ಹಲವು ಬಾರಿ ಇನ್ನಷ್ಟು ಕುಣಿಯುತ್ತಾರೆ. ಕೆಲವು ಸೆಕೆಂಡು ಶೂನ್ಯವನ್ನು ದಿಟ್ಟಿಸಿ ಮತ್ತೆ ಏನೂ ಆಗದಂತೆ ಇರುವ ಮಗು ಹಗಲುಗನಸು ಕಾಣುತ್ತಿದೆ ಎಂದುಕೊಳ್ಳುತ್ತೇವೆ. ಅದು ಅಪಸ್ಮಾರದ ಒಂದು ಬಗೆಯೂ ಆಗಿರಬಹುದು. ಥೈರಾಯ್ಡ್ ತೊಂದರೆ, ರಕ್ತಹೀನತೆ, ಆತಂಕ, ಹಿಂಸೆ ಕಂಡ ಮನಸ್ಸು, ಓದಿನಲ್ಲಿ ಅಕ್ಷರಗಳೇ ಕೈಕೊಡುವ ಕಲಿಕಾ ನ್ಯೂನತೆ, ಇವೆಲ್ಲವೂ ಹೊರಗಿನಿಂದ "ಗಮನ ಇಲ್ಲ" ಎಂದೇ ಕಾಣುತ್ತವೆ.

ಇನ್ನೊಂದು ತೊಡಕೂ ಇದೆ. ಇವುಗಳಲ್ಲಿ ಹಲವು ಎಡಿಎಚ್‌ಡಿ ಜೊತೆಗೂ ಇರಬಲ್ಲವು. ಕಲಿಕಾ ನ್ಯೂನತೆ, ಆತಂಕ, ಆಟಿಸಂ ಒಟ್ಟಿಗೇ ಇರುವುದು ಅಪರೂಪವೇನಲ್ಲ. ಆದ್ದರಿಂದ ಒಂದು ಸಿಕ್ಕಿತೆಂದು ಹುಡುಕಾಟ ನಿಲ್ಲಿಸುವಂತಿಲ್ಲ.

ಸ್ಕ್ಯಾನ್ ಮಾಡಿಸಿದರೆ ಆಗದೇ?

ಆಗದು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ತಜ್ಞರು ಎಡಿಎಚ್‌ಡಿ ಇರುವ 223 ಮಕ್ಕಳ ಮಿದುಳನ್ನು ಇಲ್ಲದ 223 ಮಕ್ಕಳ ಮಿದುಳಿನೊಂದಿಗೆ ಹೋಲಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಮಿದುಳಿನ ಹೊರಪದರ ಪಕ್ವವಾಗುವ ಒಂದು ಹಂತವನ್ನು ಇಲ್ಲದವರು ಸುಮಾರು 7.5ನೇ ವಯಸ್ಸಿಗೆ ತಲುಪಿದರೆ, ಇರುವವರು ತಲುಪಿದ್ದು 10.5ರ ಹೊತ್ತಿಗೆ. ಬೆಳವಣಿಗೆಯ ಕ್ರಮ ಒಂದೇ, ಆದರೆ ಮೂರು ವರ್ಷ ನಿಧಾನ. ಇದು ಪೋಷಕರ ತಪ್ಪಲ್ಲ, ಮಗುವಿನ ಹಟವೂ ಅಲ್ಲ ಎನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ.

ಆದರೆ ಗಮನಿಸಿ, ಇದು ನೂರಾರು ಮಕ್ಕಳ ಸರಾಸರಿ. ಗಂಡಸರ ಸರಾಸರಿ ಎತ್ತರ ಹೆಂಗಸರಿಗಿಂತ ಹೆಚ್ಚು ಎಂಬುದು ನಿಜ. ಹಾಗೆಂದು ಒಬ್ಬರ ಎತ್ತರ 5 ಅಡಿ 5 ಅಂಗುಲ ಎಂದು ಹೇಳಿದರೆ ಅವರು ಗಂಡಸೋ ಹೆಂಗಸೋ ಎಂದು ಹೇಳಲಾದೀತೇ? ಒಂದು ಮಗುವಿನ ಎಂಆರ್‌ಐ ನೋಡಿ ಎಡಿಎಚ್‌ಡಿ ಹೇಳುವುದೂ ಅಷ್ಟೇ ಅಸಾಧ್ಯ. ಇಇಜಿ, ಕಂಪ್ಯೂಟರ್ ಮುಂದೆ ಕೂರಿಸಿ ಮಾಡುವ ಗಮನ ಪರೀಕ್ಷೆ, ಐಕ್ಯೂ ಪರೀಕ್ಷೆ ಇವೂ ಒಂಟಿಯಾಗಿ ತೀರ್ಪು ಕೊಡಲಾರವು. ಥೈರಾಯ್ಡ್, ಅಪಸ್ಮಾರ, ಕಲಿಕಾ ನ್ಯೂನತೆಗಳ ಅನುಮಾನ ಬಂದಾಗ ವೈದ್ಯರು ಇವುಗಳಲ್ಲಿ ಕೆಲವನ್ನು ಮಾಡಿಸಬಹುದು. "ಮಿದುಳಿನ ಮ್ಯಾಪಿಂಗ್ ಮಾಡಿ ಅರ್ಧ ಗಂಟೆಯಲ್ಲಿ ಎಡಿಎಚ್‌ಡಿ ಹೇಳುತ್ತೇವೆ" ಎಂಬ ಜಾಹೀರಾತು ಕಂಡರೆ ದುಡ್ಡು ಜೇಬಿನಲ್ಲೇ ಇರಲಿ.

ಸದ್ದಿಲ್ಲದ ಹುಡುಗಿಯರು

ಮಕ್ಕಳಲ್ಲಿ ಒಬ್ಬ ಹುಡುಗಿಗೆ ಇಬ್ಬರು ಹುಡುಗರಂತೆ ಎಡಿಎಚ್‌ಡಿ ಕಾಣುತ್ತದೆ. ದೊಡ್ಡವರಲ್ಲಿ ಈ ಅಂತರ ಕಡಿಮೆಯಾಗುತ್ತದೆ. ಬಾಲ್ಯದಲ್ಲಿ ಎಷ್ಟೋ ಹುಡುಗಿಯರು ಲೆಕ್ಕಕ್ಕೇ ಸಿಗದಿರುವುದು ಇದಕ್ಕೆ ಒಂದು ಕಾರಣ. ಬೆಂಚಿನ ಮೇಲೆ ಹತ್ತಿ ಕುಣಿಯುವ ಹುಡುಗನ ಬಗ್ಗೆ ಡೈರಿಯಲ್ಲಿ ದೂರು ಬರುತ್ತದೆ. ಕಿಟಕಿಯಾಚೆ ನೋಡುತ್ತಾ ಕೂತ ಹುಡುಗಿಯಿಂದ ಯಾರಿಗೂ ತೊಂದರೆಯಿಲ್ಲ, ಹಾಗಾಗಿ ದೂರೂ ಇಲ್ಲ. "ಅವಳು ಸ್ವಲ್ಪ ಮಂಕು" ಎನ್ನುವಲ್ಲಿಗೆ ಮುಗಿಯುತ್ತದೆ. ಮನೆಗೆಲಸದಲ್ಲಿ ಮರೆತರೆ "ಹೆಣ್ಣುಮಗಳಾಗಿ ಇಷ್ಟೂ ಜವಾಬ್ದಾರಿ ಬೇಡವೇ" ಎಂಬ ಬೈಗುಳ ಬೇರೆ. ಮರೆವನ್ನು ಮುಚ್ಚಲು ಅವಳು ಎಲ್ಲವನ್ನೂ ನಾಲ್ಕು ಸಲ ನೋಡಲು, ರಾತ್ರಿಯಿಡೀ ಕೂತು ಬರೆಯಲು ಕಲಿಯುತ್ತಾಳೆ. ಅಂಕಗಳು ಬರುತ್ತವೆ, ಅದಕ್ಕೆ ತೆತ್ತ ಬೆಲೆ ಯಾರಿಗೂ ಕಾಣುವುದಿಲ್ಲ.

ದೊಡ್ಡವರ ಲೆಕ್ಕ

"ದೊಡ್ಡವನಾದ ಮೇಲೆ ಸರಿಹೋಗುತ್ತದೆ" ಎಂಬುದು ಅರ್ಧ ಸತ್ಯ. ಓಡಾಟ, ಕುಣಿದಾಟ ವಯಸ್ಸಿನೊಂದಿಗೆ ತಗ್ಗುತ್ತದೆ. ಆದರೆ ಹಲವರಲ್ಲಿ ಗಮನದ ತೊಂದರೆ ಉಳಿಯುತ್ತದೆ, ವೇಷ ಬದಲಿಸುತ್ತದೆ. ಕಟ್ಟಲು ದುಡ್ಡಿದ್ದೂ ಕರೆಂಟ್ ಬಿಲ್ ಬಾಕಿ. ಶುರುಮಾಡಿದ ಹತ್ತು ಕೆಲಸಗಳಲ್ಲಿ ಮುಗಿದದ್ದು ಎರಡು. ಮಾತಿನ ಭರದಲ್ಲಿ ಬಿಟ್ಟ ಕೆಲಸ. ಹೊರಗೆ ಶಾಂತ, ಒಳಗೆ ಸದಾ ಓಡುತ್ತಿರುವ ಮೋಟಾರು.

ವಯಸ್ಕರಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯೊಂದಿಗೆ ಸೇರಿ ರೂಪಿಸಿದ ಎಎಸ್‌ಆರ್‌ಎಸ್ ಎಂಬ 18 ಪ್ರಶ್ನೆಗಳ ಪಟ್ಟಿಯಿದೆ. ಮೊದಲ 6 ಪ್ರಶ್ನೆಗಳು ಪ್ರಾಥಮಿಕ ಜರಡಿ. ಈ ಲೇಖನ ಬರೆಯುವಾಗ ನಾವೂ ಆ ಆರು ಪ್ರಶ್ನೆಗಳಿಗೆ ಉತ್ತರಿಸಿದೆವು. ಕೆಲಸದ ಒತ್ತಡ, ನಿದ್ದೆಗೇಡಿನ ವಾರದಲ್ಲಿ ಒಮ್ಮೆ, ಊರಿಗೆ ಹೋಗಿ ನಾಲ್ಕು ದಿನ ಚೆನ್ನಾಗಿ ಮಲಗಿ ಬಂದ ಮೇಲೆ ಇನ್ನೊಮ್ಮೆ. ಮೊದಲ ಸಲ "ಹೆಚ್ಚಿನ ಪರೀಕ್ಷೆ ಬೇಕು" ಎಂಬ ಸಾಲಿಗೆ ಬಂದೆವು, ಎರಡನೆಯ ಸಲ ಬರಲಿಲ್ಲ. ಪ್ರಶ್ನೆಗಳು ಕೆಟ್ಟವೆಂದಲ್ಲ. ಕಳೆದ ಆರು ತಿಂಗಳ ಬಗ್ಗೆ ಕೇಳಿದರೆ ನಾವು ಕಳೆದ ಆರು ದಿನಗಳನ್ನು ನೆನೆದು ಉತ್ತರಿಸಿಬಿಡುತ್ತೇವೆ.

ಆದ್ದರಿಂದ ವಯಸ್ಕರ ಮೌಲ್ಯಮಾಪನದಲ್ಲೂ "ಎಂದಿನಿಂದ" ಎಂಬ ಪ್ರಶ್ನೆಯೇ ಮುಖ್ಯ. ಮೂವತ್ತೈದರಲ್ಲಿ ಬಂದವರ ಏಳನೆಯ ವಯಸ್ಸನ್ನು ವೈದ್ಯರು ಹುಡುಕುತ್ತಾರೆ. ಹಳೆಯ ಮಾರ್ಕ್ಸ್ ಕಾರ್ಡ್, ಅದರ ಕೆಳಗೆ ಶಿಕ್ಷಕರು ಬರೆದ ಒಂದು ಸಾಲು, ಅಮ್ಮನ ಅಥವಾ ಅಕ್ಕನ ನೆನಪು, ಇವೆಲ್ಲ ಸಾಕ್ಷಿಗಳು. ಸಾಧ್ಯವಾದರೆ ಗಂಡ ಅಥವಾ ಹೆಂಡತಿಯನ್ನೂ ಮಾತಾಡಿಸುತ್ತಾರೆ. ಖಿನ್ನತೆ, ಆತಂಕ, ಬೈಪೋಲಾರ್, ಮದ್ಯ ಅಥವಾ ಮಾದಕ ವಸ್ತುಗಳ ಬಳಕೆ, ರಾತ್ರಿ ಪಾಳಿಯ ನಿದ್ದೆಗೇಡು, ಇವೂ ಗಮನವನ್ನು ಕದಿಯುತ್ತವೆ, ಆದ್ದರಿಂದ ಅವನ್ನೂ ಪರಿಶೀಲಿಸುತ್ತಾರೆ. ಮಗುವನ್ನು ಪರೀಕ್ಷೆಗೆ ಕರೆದುಕೊಂಡು ಬಂದ ಅಪ್ಪ ಅಥವಾ ಅಮ್ಮ, ಪ್ರಶ್ನೆಗಳನ್ನು ಕೇಳಿಸಿಕೊಳ್ಳುತ್ತಾ ತಮ್ಮನ್ನೇ ಗುರುತಿಸಿಕೊಳ್ಳುವುದೂ ಉಂಟು.

ರೀಲ್ಸ್‌ನಿಂದಲೇ ಗುರುತಿಸಿಕೊಂಡವರೂ ಇದ್ದಾರೆ. ಅದು ತಪ್ಪೇನಲ್ಲ, ಅನುಮಾನ ಹುಟ್ಟುವುದು ಎಲ್ಲಿಂದಾದರೂ ಆಗಬಹುದು. ಆದರೆ ತೀರ್ಮಾನ ಅಲ್ಲಿಂದ ಬೇಡ. ಟಿಕ್‌ಟಾಕ್‌ನಲ್ಲಿ ಎಡಿಎಚ್‌ಡಿ ಬಗ್ಗೆ ಅತಿ ಜನಪ್ರಿಯವಾದ 100 ವಿಡಿಯೋಗಳನ್ನು ಕೆನಡಾದ ಸಂಶೋಧಕರು ಪರಿಶೀಲಿಸಿ 2022ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ 52 ದಾರಿ ತಪ್ಪಿಸುವಂಥವು.

ಹೌದು ಎಂದಾದರೆ ಮುಂದೇನು?

ಎಡಿಎಚ್‌ಡಿ ಇದೆ ಎಂದು ತಿಳಿದರೆ ಬಾಗಿಲು ಮುಚ್ಚಿತು ಎಂದಲ್ಲ. ಮನೋವೈದ್ಯಶಾಸ್ತ್ರದಲ್ಲಿ ಚೆನ್ನಾಗಿ ಅಧ್ಯಯನವಾದ ಚಿಕಿತ್ಸೆಗಳಲ್ಲಿ ಇದರದ್ದೂ ಒಂದು. ಶಾಲೆಗೆ ಹೋಗುವ ಮುಂಚಿನ ಪುಟ್ಟ ಮಕ್ಕಳಿಗೆ ಮೊದಲು ಕೊಡುವುದು ಮಾತ್ರೆಯಲ್ಲ, ಪೋಷಕರಿಗೆ ತರಬೇತಿ: ಒಮ್ಮೆಗೆ ಒಂದೇ ಕೆಲಸ ಹೇಳುವುದು, ಸರಿಯಾಗಿ ಮಾಡಿದ ಕೂಡಲೇ ಮೆಚ್ಚುವುದು, ದಿನಚರಿಯನ್ನು ಗೋಡೆಗೆ ಅಂಟಿಸುವುದು. ದೊಡ್ಡ ಮಕ್ಕಳಿಗೂ ವಯಸ್ಕರಿಗೂ ಅಗತ್ಯವಿದ್ದರೆ ಮೀಥೈಲ್‌ಫೆನಿಡೇಟ್, ಆಟೊಮಾಕ್ಸೆಟಿನ್‌ನಂಥ ಔಷಧಗಳಿವೆ. ಹಸಿವು ಕಡಿಮೆಯಾಗುವುದು, ನಿದ್ದೆ ಬರುವುದು ತಡವಾಗುವುದು ಇಂಥ ಅಡ್ಡಪರಿಣಾಮಗಳು ಕಾಣಬಹುದು. ಆದ್ದರಿಂದ ಮಗುವಿನ ತೂಕ, ಎತ್ತರ, ನಾಡಿ, ರಕ್ತದೊತ್ತಡಗಳನ್ನು ವೈದ್ಯರು ಆಗಾಗ ನೋಡುತ್ತಾರೆ. ತರಗತಿಯಲ್ಲಿ ಮುಂದಿನ ಬೆಂಚು, ಸಣ್ಣ ಸಣ್ಣ ತುಂಡುಗಳಾಗಿ ಕೊಟ್ಟ ಹೋಮ್‌ವರ್ಕ್, ನಡುವೆ ಬೋರ್ಡ್ ಒರೆಸುವ ನೆಪದಲ್ಲಿ ಎದ್ದು ಓಡಾಡಲು ಅವಕಾಶ, ಇವುಗಳಿಗೆ ಖರ್ಚೂ ಇಲ್ಲ.

ಎಲ್ಲಿಗೆ ಹೋಗುವುದು, ಏನು ಒಯ್ಯುವುದು?

ಮೊದಲು ಹತ್ತಿರದ ಮಕ್ಕಳ ತಜ್ಞರನ್ನೋ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೋ ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಕಿವಿ, ಮಾತಿನ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಎಲ್ಲಿಂದ ಶುರುಮಾಡುವುದು ಎಂದೇ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ಇಷ್ಟು ಜೊತೆಗಿರಲಿ:

• ಮಗುವಿನ ತಾಯಿ ಕಾರ್ಡ್, ಹಳೆಯ ವೈದ್ಯಕೀಯ ಚೀಟಿಗಳು.
• ಎರಡು ಮೂರು ವರ್ಷಗಳ ಪ್ರಗತಿ ಪತ್ರ, ಡೈರಿ, ಅರ್ಧ ಬರೆದು ಬಿಟ್ಟ ನೋಟ್ ಪುಸ್ತಕಗಳು. ಚೆಂದದ್ದನ್ನು ಮಾತ್ರ ಆರಿಸಬೇಡಿ.
• ಶಿಕ್ಷಕರು ಬರೆದ ಅರ್ಧ ಪುಟ: ಏನು ಕಷ್ಟ, ಯಾವ ಹೊತ್ತಿನಲ್ಲಿ ಹೆಚ್ಚು, ಯಾವುದರಲ್ಲಿ ಚೆನ್ನಾಗಿದ್ದಾನೆ.
• ಎರಡು ವಾರದ ನಿದ್ದೆಯ ಲೆಕ್ಕ: ಮಲಗಿದ್ದು ಎಷ್ಟು ಗಂಟೆಗೆ, ಎದ್ದದ್ದು ಎಷ್ಟಕ್ಕೆ, ಗೊರಕೆ ಇದೆಯೇ.
• ಸಾಧ್ಯವಾದರೆ ಅಜ್ಜಿ.

ಐದು ನಿಮಿಷ ಮಾತಾಡಿಸಿ, ಶಾಲೆಯ ಬಗ್ಗೆ ಒಂದೂ ಪ್ರಶ್ನೆ ಕೇಳದೆ "ಎಡಿಎಚ್‌ಡಿ ಇದೆ" ಎಂದರೂ "ಏನೂ ಇಲ್ಲ, ಹೋಗಿ" ಎಂದರೂ ಇನ್ನೊಬ್ಬರ ಅಭಿಪ್ರಾಯ ಕೇಳುವ ಹಕ್ಕು ನಿಮಗಿದೆ. ಎಂದಿನಿಂದ, ಎಲ್ಲೆಲ್ಲಿ, ಎಷ್ಟು ತೊಂದರೆ, ಬೇರೆ ಕಾರಣ ಇರಬಹುದೇ? ಈ ನಾಲ್ಕನ್ನೂ ಕೇಳಿದರೇ ಎಂದು ನೆನಪಿಸಿಕೊಳ್ಳಿ. ಒಳ್ಳೆಯ ಮೌಲ್ಯಮಾಪನಕ್ಕೆ ಎರಡು ಮೂರು ಭೇಟಿ ಬೇಕಾಗಬಹುದು. ಅಷ್ಟು ಸಮಯ ಕೊಡುವುದು ವ್ಯರ್ಥವಲ್ಲ.

ಡೈರಿಯಲ್ಲಿ ಬಂದ ಆ ಒಂದು ಸಾಲಿಗೆ ಮತ್ತೆ ಬರೋಣ. "ಬುದ್ಧಿ ಇದೆ, ಗಮನ ಇಲ್ಲ" ಎಂದು ಬರೆದ ಟೀಚರ್ ತಪ್ಪೇನೂ ಮಾಡಲಿಲ್ಲ, ಕಂಡದ್ದನ್ನು ಬರೆದರು. ಅದನ್ನು ದೂರು ಎಂದು ಓದಿದರೆ ಮಗುವಿಗೆ ಏಟು ಬೀಳುತ್ತದೆ. ಸುಳಿವು ಎಂದು ಓದಿದರೆ "ಯಾಕಿರಬಹುದು?" ಎಂಬ ಪ್ರಶ್ನೆ ಹುಟ್ಟುತ್ತದೆ. ಉತ್ತರ ಎಡಿಎಚ್‌ಡಿ ಆಗಿರಬಹುದು, ಕನ್ನಡಕ ಆಗಿರಬಹುದು, ಬೇಗ ಮಲಗುವುದಷ್ಟೇ ಆಗಿರಬಹುದು. ಯಾವುದೇ ಆದರೂ ಆ ಮಗುವಿಗೆ ಬೈಗುಳದ ಬದಲು ಸಹಾಯ ಸಿಗುತ್ತದೆ.